ಕೂರಿಸುವ ಅಳತೆ

ಪೆಟ್ಟಿಗೆ ಗುಣಿಯೊಳಗೆ ಇಳಿಯಲಿಲ್ಲ. ಹಗ್ಗ ಹಿಡಿದಿದ್ದ ಆರು ಜನ ಅದನ್ನು ಮೇಲಕ್ಕೆತ್ತಿ, ಮೂಲೆಯಿಂದ ಮೂಲೆಗೆ ತಿರುಗಿಸಿ, ಮತ್ತೆ ಇಳಿಬಿಟ್ಟು ನೋಡಿದರು. ಆಗಲೂ ಎರಡು ತುದಿ ಮಣ್ಣಿನ ಮೇಲೆಯೇ ಉಳಿದವು. ಚರಂಡಿಗೆ ಹಾಸಿದ ಚಪ್ಪಡಿಯ ಹಾಗೆ ಪೆಟ್ಟಿಗೆ ಗುಣಿಯ ಮೇಲೆ ಅಡ್ಡ ಕೂತಿತು.

"ಹೋಗಲ್ಲ ಬುಡಿ ಸ್ವಾಮಿ," ಎಂದ ಗುಣಿ ತೋಡಿದ ಯಲ್ಲಯ್ಯ. "ನೀವು ಕೂರ್ಸೋ ಗುಣಿ ಅಂದ್ರಿ, ಕೂರ್ಸೋ ಗುಣಿ ತೆಗ್ದಿದೀನಿ. ಹಿಂಗೆ ಮಲಗಿಸ್ಕೊಂಡು ತರ್ತೀವಿ ಅಂತ ಒಂದ್ ಮಾತು ಹೇಳಿದ್ರೆ ಉದ್ದಕ್ಕೆ ತೆಗೀತಿದ್ದೆ."

"ನಮಗರ ಏನ್ ಗೊತ್ತಿತ್ತೋ ಮಾರಾಯಾ," ಭೀಮಪ್ಪ ಹಗ್ಗ ಬಿಟ್ಟು ಅಂಗೈ ಉಜ್ಜಿಕೊಂಡ. "ಪೆಟಗಿ ಅಂದ್ರ ವಿಮಾನದಾಗ ತರೂತನಕಾ ಅಂತ ತಿಳಕೊಂಡಿದ್ವಿ. ಇಲ್ಲಿ ಬಂದಮ್ಯಾಲ ತಗದು ಕೊಡ್ತಾರ ಅಂತ."

ಸತ್ತವನು ಭೀಮಪ್ಪನ ತಂಗಿಯ ಮಗ ಸಂಗಮೇಶ. ಮೂವತ್ತೆರಡು ವರ್ಷ. ಹುನಗುಂದದ ಕಡೆಯ ಲಿಂಗಾಯತರ ಮನೆತನ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ಪೂಜೆಗೆ ಕೂತವರ ಹಾಗೆ ಕೂರಿಸಿ ಮಣ್ಣು ಕೊಡುತ್ತಾರೆ. ಅವರ ಊರಿನಲ್ಲಿ ಗುಣಿಯನ್ನು ಸತ್ತವನ ಪಾದದಿಂದಲೇ ಅಳೆಯುವುದು ರೂಢಿ. ಪಾದ ಇನ್ನೂ ಕಡಲಿನಾಚೆ ಇದ್ದುದರಿಂದ ಭೀಮಪ್ಪ ಮೊನ್ನೆ ಸಂಗಮೇಶನ ಹಳೆಯ ಚಪ್ಪಲಿಯೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ತಲಘಟ್ಟಪುರದಾಚೆಯ ಈ ರುದ್ರಭೂಮಿಗೆ ಬಂದಿದ್ದ. ಐದು ಪಾದ ಉದ್ದ, ಐದು ಪಾದ ಅಗಲ ಎಂದು ಅಳೆದು ಗುರುತು ಹಾಕಿಸಿ ಹೋಗಿದ್ದ.

ಸಂಗಮೇಶನ ಹೆಂಡತಿ ಮಧುಮತಿ ಗುಣಿಯ ಅಂಚಿನಲ್ಲಿ ನಿಂತಿದ್ದಳು. ಕಂಕುಳಲ್ಲಿ ಕಾಗದಗಳ ಫೈಲು. ಇಪ್ಪತ್ತೊಂದು ದಿನದಿಂದ ಅವಳಿಗೆ ಅಳು ಬಂದಿರಲಿಲ್ಲ. ಬಂದವರೆಲ್ಲ ಅದನ್ನು ಗಮನಿಸಿದ್ದರು. ಅತ್ತುಬಿಡವ್ವಾ, ಹಗುರಾಗತೈತಿ ಎಂದಿದ್ದರು. ಅವಳಿಗೆ ಹಗುರಾಗುವುದು ಬೇಕಿರಲಿಲ್ಲ.

"ಮೇಡಂ, ಟೆನ್ಷನ್ ಮಾಡ್ಕೋಬೇಡಿ," ಎಂದು ನಾಗಭೂಷಣ ಹತ್ತಿರ ಬಂದ. ಸಂಗಮೇಶನನ್ನು ಹಡಗಿನ ಕೆಲಸಕ್ಕೆ ಕಳಿಸಿದ ಏಜೆನ್ಸಿಯವನು ಅವನು. ಬೆಳಿಗ್ಗೆಯಿಂದ ಒಂದು ಡಬ್ಬಿ ಹಿಡಿದುಕೊಂಡು ಬಂದವರಿಗೆಲ್ಲ ಮುಖಕ್ಕೆ ಕಟ್ಟುವ ಮಾಸ್ಕು ಹಂಚಿದ್ದ. "ಒಂದು ಗಂಟೇಲಿ ಉದ್ದಕ್ಕೆ ತೋಡಿಸ್ಬಿಡೋಣ. ಬಾಕ್ಸ್ ಸಮೇತ ಇಳಿಸ್ಬಿಡೋದು. ಓಪನ್ ಮಾಡೋ ಹಾಗಿಲ್ಲ ಅಂತ ಸ್ಟಿಕ್ಕರೇ ಇದೆಯಲ್ಲ."

"ಪೆಟಗಿ ಸುದ್ದಾ ಇಟ್ರ ಲಿಂಗ ಯಾವ ಕೈಯಾಗ ಕೊಡೂದ್ರೀ?" ಭೀಮಪ್ಪ ಕೇಳಿದ.

"ಬಾಕ್ಸ್ ಮೇಲೆ ಇಡಿ ಸಾರ್. ಭಾವನೆ ಮುಖ್ಯ ಅಲ್ವಾ?"

ಮಣ್ಣಿನ ದಿಬ್ಬದ ಮೇಲೆ ಕೂತಿದ್ದ ಕೆಂಚವ್ವ ತಲೆ ಎತ್ತಿದಳು. ಸಂಗಮೇಶನ ತಾಯಿ. ಅವಳ ಮುಷ್ಟಿಯಲ್ಲಿ ಸಣ್ಣ ಬಟ್ಟೆಯ ಗಂಟಿತ್ತು. ಯಂತ್ರಗಳ ನಡುವೆ ಕೊರಳಲ್ಲಿ ದಾರ ಇರಬಾರದೆಂದು ಹಡಗಿನವರು ಹೇಳಿದ್ದರಿಂದ ಮಗ ತನ್ನ ಲಿಂಗವನ್ನು ಅವಳ ಕೈಗೆ ಕೊಟ್ಟು ಹೋಗಿದ್ದ. ಎರಡು ವರ್ಷದಿಂದ ಅವಳು ದಿನಾ ಎರಡೆರಡು ಪೂಜೆ ಮಾಡುತ್ತಿದ್ದಳು, ತನ್ನದೊಂದು, ಮಗನದೊಂದು.

"ಪೆಟಗಿ ಮ್ಯಾಲೆ ಒಗೆಯಾಕ ಇದೇನ್ ಹೂವಿನ ಮಾಲಿ ಅಂತ ತಿಳದೀ ಏನೋ ತಮ್ಮಾ?" ಎಂದಳು. "ನನ್ನ ಮಗಗ ಕೈ ಇಲ್ಲೇನು?"

ನಾಗಭೂಷಣ ಮಧುಮತಿಯ ಕಡೆ ನೋಡಿದ. ಓದಿದವಳು, ಇವಳಿಗೆ ಅರ್ಥವಾಗುತ್ತದೆ ಎನ್ನುವ ಹಾಗೆ. ಅವಳು ಕಂಕುಳಲ್ಲಿದ್ದ ಫೈಲನ್ನು ಕೈಗೆ ತೆಗೆದುಕೊಂಡಳು.

*

ಬೆಂಗಳೂರಿಗೆ ಬಂದ ಹೊಸದರಲ್ಲಿ ಸಂಗಮೇಶ ಮಡಿವಾಳದ ಒಂದು ಲಾಡ್ಜಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದ. ಅಲ್ಲಿಂದ ದೊಡ್ಡ ಹೋಟೆಲಿನ ಲಾಂಡ್ರಿ. ಅಲ್ಲಿಂದ ಪ್ರವಾಸಿಗಳ ಹಡಗು. ಅವನು ಪಿಯುಸಿ, ಅವಳು ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಜಯನಗರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳು. ಮದುವೆಯಲ್ಲಿ ಜನ ಈ ಅಂತರದ ಬಗ್ಗೆ ಪಿಸುಗುಟ್ಟಿದ್ದನ್ನು ಕೇಳಿ ಅವನೇ ಜೋರಾಗಿ ಹೇಳಿದ್ದ: "ಇಬ್ರೂ ಓದಿದ್ರ ಮನ್ಯಾಗ ಅರಿವಿ ಒಗೆಯಾವ್ರು ಯಾರ್ರೀ?"

ಸುಕ್ಕು ಬಿದ್ದ ಬಟ್ಟೆಯನ್ನು ಅವನು ಸಹಿಸುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದಾಗಲೂ ಮಾತಾಡುತ್ತ ಮಾತಾಡುತ್ತ ಅವರ ಮಂಚದ ಚಾದರದ ಮೂಲೆಯನ್ನು ಎಳೆದು ಸರಿಮಾಡಿ ಒಳಗೆ ಸಿಕ್ಕಿಸಿಬಿಡುತ್ತಿದ್ದ. ರಜೆಗೆ ಬಂದರೆ ಅವಳ ಕಾಲೇಜಿನ ಸೀರೆಗಳನ್ನು ತಾನೇ ಇಸ್ತ್ರಿ ಮಾಡಬೇಕು. ಹಡಗಿನಲ್ಲಿ ಕಲಿತ ವಿದ್ಯೆಯೆಂದು ಟವೆಲಿನಲ್ಲಿ ಆನೆ, ಮಂಗ ಮಡಿಸಿ ಹಾಸಿಗೆಯ ಮೇಲೆ ಕೂರಿಸುತ್ತಿದ್ದ. ಸ್ನಾನಕ್ಕೆ ಹೋಗುವಾಗ ಅವಳು ಆನೆಯನ್ನು ಕೆಡವಬೇಕಾಗುತ್ತಿತ್ತು. ಕೆಡವಿದರೆ, "ಪಾಪ ಹತ್ತತೈತಿ ನೋಡು," ಎನ್ನುತ್ತಿದ್ದ.

ಆ ವರ್ಷ ಎಲ್ಲ ಊರಿಗೂ ಬಂದ ಹಂದಿ ಜ್ವರ ಜುಲೈಯಲ್ಲಿ ಅವನ ಹಡಗಿಗೂ ಹತ್ತಿತು. ಯಾವ ಬಂದರಿನವರೂ ಹಡಗನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಎರಡು ಸಾವಿರ ಪ್ರವಾಸಿಗಳು ತಮ್ಮ ತಮ್ಮ ಕೋಣೆಗಳಲ್ಲಿ, ಬಾಲ್ಕನಿಯಿಂದ ಸಮುದ್ರ ನೋಡುತ್ತ ಉಳಿದರು. ಜ್ವರದವರ ಹಾಸಿಗೆ ಬಟ್ಟೆ ಕೆಂಪು ಚೀಲದಲ್ಲಿ ಕೆಳಗೆ ಬರುತ್ತಿತ್ತು. ಬಿಸಿನೀರಿನಲ್ಲಿ ಕರಗಿಹೋಗುವ ಚೀಲ. ಬಿಚ್ಚದೆ, ಮುಟ್ಟದೆ, ಹಾಗೆಯೇ ಯಂತ್ರಕ್ಕೆ ಹಾಕಬೇಕು.

"ಕೆಂಪು ಚೀಲಾ ಮುಗದಾವ ಮಧು," ಎಂದು ಮೂರನೆಯ ದಿನ ಫೋನಿನಲ್ಲಿ ಹೇಳಿದ. ಅವಳು ಕಾಲೇಜಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದಳು. "ಈಗ ಕಸದ ಚೀಲದಾಗ ತುಂಬಿ ಕಳಸ್ತಾರ. ಕೈಲೆ ಬಿಚ್ಚಿ ಹಾಕಬೇಕು."

"ಒಲ್ಲೆ ಅನ್ರಿ."

"ಯಾರಿಗನ್ನಲಿ? ಹೇಳಾವ್ರು ಮ್ಯಾಲಿಂದ ಫೋನಿನ್ಯಾಗ ಹೇಳ್ತಾರ. ಕೆಳಗ ಒಬ್ರೂ ಇಳ್ಯಾಂಗಿಲ್ಲ."

ಆರನೆಯ ದಿನ ಅವನಿಗೇ ಜ್ವರ ಬಂತು. ನೀರಿನ ಮಟ್ಟಕ್ಕಿಂತ ಕೆಳಗಿದ್ದ, ಕಿಟಕಿಯಿಲ್ಲದ ಕೋಣೆಯಲ್ಲಿ ಅವನೊಬ್ಬನನ್ನೇ ಇಟ್ಟರು. ಅಲ್ಲಿ ಗೋಡೆಗೊಂದು ಫೋನಿತ್ತು.

"ಬಾಗಲಾ ಹೊರಗಿಂದ ಹಾಕ್ಯಾರ," ಎಂದ.

"ಹೊರಗಿಂದ? ಯಾಕ?"

"ನಾವು ತಪ್ಪಿಸ್ಕೊಂಡು ಮ್ಯಾಲಿನ ಮಂದಿಗೆ ಹಚ್ಚೀವಿ ಅಂತ. ಊಟದ ಹೊತ್ತಿಗೆ ಒಬ್ಬಾಂವ ಬಾಗಲಾ ತಗದು ತಟ್ಟಿ ಇಟ್ಟು, ಮತ್ತ ಹಾಕ್ಕೊಂಡು ಓಡಿ ಹೋಗ್ತಾನ. ಊರಾಗ ದುರಗವ್ವಗ ಎಡಿ ಇಟ್ಟು ಹಿಂದ ನೋಡದ ಬರ್ತಾರಲ್ಲ, ಹಂಗ." ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. "ನಾ ಈಗ ದುರಗವ್ವ ಆಗೀನಿ ನೋಡು."

"ಡಾಕ್ಟರ್ ಬಂದಿದ್ರೇನು?"

"ಫೋನ್ ಮಾಡ್ತಾರ. ಜೋರಾಗಿ ಉಸಿರು ತಗೋ ಅಂತಾರ. ಕೇಳ್ಕೋತಾರ. ಗುಡ್ ಅಂತಾರ." ಆಮೇಲೆ, "ಇವತ್ತ ನಾ ಜಗಳಾ ತಗ್ಯಾಂವ," ಎಂದ.

"ಬ್ಯಾಡ್ರಿ. ಇನ್ನ ಎರಡು ತಿಂಗಳದ ಕೆಲಸ ಅದ. ಕೆಲಸದಿಂದ ತಗದ್ರ ಏನ್ ಮಾಡೋದು? ಸುಮ್ಮ ಮಲಕೋರಿ."

"ಹೂಂ," ಎಂದ ಸಂಗಮೇಶ.

ಅದೇ ಕೊನೆ. ಎರಡು ದಿನದ ನಂತರ ಏಜೆನ್ಸಿಯಿಂದ ಫೋನು ಬಂತು, ವಾರದ ನಂತರ ಕಾಗದ. ನಿಮ್ಮ ಪತಿ ಹೃದಯಸ್ತಂಭನದಿಂದ, ನಿದ್ದೆಯಲ್ಲಿ, ಶಾಂತವಾಗಿ ತೀರಿಕೊಂಡರು ಎಂದಿತ್ತು. ಅವಳು ಆ ಒಂದು ಪುಟವನ್ನು ಎಷ್ಟು ಸಲ ಓದಿದ್ದಳೆಂದರೆ, ಮಡಿಕೆಯಲ್ಲಿ ಅದು ಹರಿದೇ ಹೋಗಿತ್ತು.

*

ಮಣ್ಣು ಕೊಡುವ ದಿನ ಬೆಳಿಗ್ಗೆ ಪೆಟ್ಟಿಗೆಯ ವ್ಯಾನು ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತು, ಬಿಟಿಎಂನ ಅವರ ಬೀದಿಗೆ ತಿರುಗಿದಾಗ ಎದುರು ಮನೆಗಳ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮನೆ ಓನರ್ ಮೀನಾಕ್ಷಮ್ಮ ಗೇಟಿನ ಬಳಿ ನಿಂತಿದ್ದರು. ಮೂಗಿಗೆ ಸೆರಗು, ಸೆರಗಿನ ಕೆಳಗೆ ಮಾಸ್ಕು.

"ತಪ್ಪು ತಿಳ್ಕೋಬೇಡಮ್ಮ ಮಧು. ಒಳಗೆ ಮಾತ್ರ ಬೇಡ. ಮೇಲಿನ ಮನೆಯವರು ಆಗ್ಲೇ ಎರಡ್ ಸಲ ಬಂದು ಹೇಳಿ ಹೋದ್ರು. ಮಗು ಇದೆಯಂತೆ. ನಂಗೂ ಶುಗರ್ರು."

"ಆಂಟಿ, ಐದು ನಿಮಿಷ. ಗೇಟಿನೊಳಗಾದ್ರೂ. ಒಂದು ಆರತಿ."

"ರೋಡಲ್ಲೇ ಮಾಡ್ಬಿಡಮ್ಮ. ನಾನೂ ಇಲ್ಲೇ ನಿಂತಿರ್ತೀನಿ." ಮೀನಾಕ್ಷಮ್ಮನ ಕಣ್ಣು ಒದ್ದೆಯಾಗಿತ್ತು. ಗೇಟಿನ ಚಿಲಕದ ಮೇಲಿದ್ದ ಕೈ ಮಾತ್ರ ಸರಿಯಲಿಲ್ಲ. ಹೋದ ಸಲ ಸಂಗಮೇಶ ತಂದ ಚಾಕೊಲೇಟು ಈಕೆಯ ಫ್ರಿಜ್ಜಿನಲ್ಲಿ ಇನ್ನೂ ಇರಬಹುದು ಎಂದು ಮಧುಮತಿಗೆ ಅನ್ನಿಸಿತು. ತಪ್ಪು ಇವರದಲ್ಲ, ಎಂದುಕೊಂಡಳು. ಸಿಟ್ಟನ್ನು ಇಲ್ಲಿ ಚೆಲ್ಲಬಾರದು.

ಬೀದಿಯ ತುದಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ದಾಸಪ್ಪ ಒಬ್ಬನೇ ಹತ್ತಿರ ಬಂದವನು. ವ್ಯಾನಿನ ಬಾಗಿಲ ಮೇಲೆ ಅಂಗೈ ಊರಿ ನಿಂತ.

"ಊರಿಗೆ ಬಂದಾಗೆಲ್ಲ ಬೈಯೋರು ಮೇಡಂ. ಏನೋ ದಾಸಪ್ಪ, ಕಾಲರ್ ಸುಟ್ಟು ಹಪ್ಪಳ ಮಾಡಿದೀಯ ಅಂತ. ಒಂದಿನ ನನ್ನ ಕೈಯಿಂದ ಇಸ್ತ್ರಿ ಪೆಟ್ಟಿಗೆ ಕಿತ್ಕೊಂಡು ಹತ್ತು ಶರ್ಟು ಮಾಡಿ ತೋರ್ಸಿದ್ರು. ರೋಡಲ್ಲಿ ನಿಂತು." ಅವನು ಗಾಡಿಯ ಕೆಂಡಕ್ಕೆ ನೀರು ಹಾಕಿ ಬಂದು ವ್ಯಾನು ಹತ್ತಿದ. ಹಿಂದೆ ಒಂದು ಆಟೋದಲ್ಲಿ ಮೀನಾಕ್ಷಮ್ಮನೂ ಬಂದರು.

*

ಯಲ್ಲಯ್ಯ ಗುದ್ದಲಿ ಎತ್ತಿಕೊಂಡು ಅಪ್ಪಣೆಗೆ ಕಾಯುತ್ತಿದ್ದ. ಮಧುಮತಿ ಫೈಲು ತೆರೆದಳು.

"ನಾಗಭೂಷಣ್ ಅವರೇ, ಈ ಪೆಟ್ಟಿಗೆ ಯಾಕೆ ತೆಗೀಬಾರ್ದು?"

"ಎಲ್ಲರ ಸೇಫ್ಟಿಗೆ ಮೇಡಂ. ನಿಮ್ಗೇ ಗೊತ್ತಲ್ಲ."

"ಅವರು ಏನಾಗಿ ಸತ್ರು?"

"ಹಾರ್ಟು. ಪೇಪರಲ್ಲೇ ಇದೆಯಲ್ಲ ಮೇಡಂ."

"ಹಾರ್ಟು ಅಂಟುತ್ತಾ?"

ದಾಸಪ್ಪ ಮಾಸ್ಕಿನೊಳಗೇ ಫಕ್ಕನೆ ಒಂದು ಸದ್ದು ಮಾಡಿ, ತಲೆ ತಗ್ಗಿಸಿದ.

"ಹಾಗಲ್ಲ ಮೇಡಂ..."

"ಇದನ್ನ ಓದಿ. ಎಲ್ಲರಿಗೂ ಕೇಳೋ ಹಾಗೆ ಓದಿ."

ನಾಗಭೂಷಣ ಅವಳು ಫೈಲಿನಿಂದ ತೆಗೆದುಕೊಟ್ಟ ಇನ್ನೊಂದು ಕಾಗದ ಹಿಡಿದು ಇಂಗ್ಲಿಷಿನಲ್ಲಿ ಗೊಣಗಿದ. "ಕನ್ನಡದಾಗ ಹೇಳ್ರೀ," ಎಂದ ಭೀಮಪ್ಪ. "ಅದೇ... ಸತ್ತಾಗ ಇವರಿಗೆ ಯಾವುದೇ ಅಂಟುರೋಗ ಇರಲಿಲ್ಲ ಅಂತ. ಇದು ಫ್ಲೈಟ್‌ನವರಿಗೆ ಕೊಡೋದು. ಇದಿಲ್ದೆ ಅವರು ಬಾಡಿ ಹತ್ತಿಸ್ಕೊಳಲ್ಲ. ಬರೀ ಫಾರ್ಮಾಲಿಟಿ."

"ಅಂದ್ರೆ ಸುಳ್ಳಾ?"

"ಸುಳ್ಳು ಅಂತಲ್ಲ..."

"ಹಾಗಾದ್ರೆ ನಿಜ. ನಿಜ ಆದ್ರೆ ತೆಗೆಯೋಕೆ ಏನಡ್ಡಿ? ಸುಳ್ಳಾದ್ರೆ ಇದರ ಹಿಂದೇನೇ ಬರ್ಕೊಡಿ. ಜ್ವರ ಇದ್ದವರ ಬಟ್ಟೆ ಕೈಯಲ್ಲಿ ಬಿಚ್ಚಿಸಿದ್ವಿ, ಜ್ವರ ಬಂದ ಮೇಲೆ ಕೋಣೇಲಿ ಹಾಕಿ ಹೊರಗಿಂದ ಬಾಗಿಲು ಹಾಕಿದ್ವಿ, ಅದರಿಂದ ಸತ್ರು ಅಂತ. ಬರೀರಿ. ಯಲ್ಲಯ್ಯ ಉದ್ದಕ್ಕೆ ತೋಡ್ತಾನೆ, ನಾನು ಪೆಟ್ಟಿಗೆ ಮುಟ್ಟಲ್ಲ."

ನಾಗಭೂಷಣ ಮೊಬೈಲು ತೆಗೆದು ಕಾಂಪೌಂಡಿನ ಕಡೆ ಹೋದ. ಎಲ್ಲರೂ ಅವನ ಬೆನ್ನು ನೋಡುತ್ತ ನಿಂತರು. ಹತ್ತು ನಿಮಿಷದ ನಂತರ ಬಂದು, "ಮೇಲಿನವರು ಮೀಟಿಂಗಲ್ಲಿದ್ದಾರೆ ಮೇಡಂ," ಎಂದ. "ನೀವೀಗ ಬಾಡಿ ರಿಸೀವ್ ಆಯ್ತು ಅಂತ ಒಂದು ಸೈನ್ ಮಾಡ್ಬಿಡಿ. ಉಳಿದಿದ್ದೆಲ್ಲ ಆಮೇಲೆ ಮೇಲ್ ಹಾಕಿ ಕೇಳ್ಬಹುದು."

"ನಿಮ್ಮ ಮ್ಯಾಲಿನವರು ಯಾವಾಗಲೂ ಮ್ಯಾಲೇ ಇರ್ತಾರೇನ್ರೀ?" ಮಧುಮತಿಯ ದನಿ ಏರಿತು. ಇಷ್ಟು ಹೊತ್ತು ಎಚ್ಚರದಿಂದ ಆಡುತ್ತಿದ್ದ ಬೆಂಗಳೂರಿನ ಮಾತು ಜಾರಿಹೋಗಿ ಊರಿನ ಮಾತು ಬಾಯಿಗೆ ಬಂತು. "ಅಲ್ಲಿ ಹಡಗಿನ್ಯಾಗೂ ಮ್ಯಾಲೆ, ಇಲ್ಲೂ ಮ್ಯಾಲೆ? ಒಬ್ಬರರ ಒಮ್ಮೆರ ಕೆಳಗ ಇಳಿದು ಬಂದು ನೋಡಿದ್ರೇನು, ಒಂದು ಜೀವ ಐತೋ ಹೋತೋ ಅಂತ? ಫೋನಿನ್ಯಾಗ ಉಸಿರು ಕೇಳಿದ್ರಂತ! ಗುಡ್ ಅಂದ್ರಂತ! ನಿಂಗರಾಜಾ, ಕತ್ತರಿ ತಗೊಂಬಾ!"

ನಿಂಗರಾಜ ಸಂಗಮೇಶನ ತಮ್ಮ. ಕಟ್ಟಡಗಳಿಗೆ ಎಸಿಯ ತಗಡಿನ ಕೊಳವೆ ಕೂರಿಸುವ ಕೆಲಸ ಅವನದು. ತಗಡು ಕತ್ತರಿಸುವ ಸಾಮಾನು ಬೈಕಿನ ಡಬ್ಬಿಯಲ್ಲಿಯೇ ಇರುತ್ತಿತ್ತು. ಅವನು ಮಾವನ ಮುಖ ನೋಡಿದ.

"ಬ್ಯಾಡವ್ವಾ ಮಧು," ಎಂದ ಭೀಮಪ್ಪ. "ಅಂವಾ ಕೂಡಬೇಕು ಅಂತ ನನಗೂ ಐತಿ. ಆದ್ರ ಹತ್ತಿದ್ರ ಏನ್ ಗತಿ? ಮನಿಯಾಗ ಸಣ್ಣ ಹುಡುಗ್ರ ಅದಾವ."

"ಮಾವಾ, ಅವರ ಮೈತುಂಬ ಔಷಧ ತುಂಬ್ಯಾರ. ಕಾಲೇಜಿನ್ಯಾಗ ಹಲ್ಲಿ, ಕಪ್ಪಿ ಹಾಕಿಡೋ ಔಷಧ ಅದು. ಅದರಾಗ ಯಾವ ಜ್ವರಾನೂ ಉಳಿಯಂಗಿಲ್ಲ. ಈ ಮಾತು ನನಗ ಗೊತ್ತದ. ಅಂಜಿಕಿ ಇದ್ದವರು ದೂರ ನಿಂದರ್ರಿ."

ಅವರು ದೂರ ನಿಂತರು. ಭೀಮಪ್ಪನೂ, ವಿಭೂತಿಯ ತಟ್ಟೆ ಹಿಡಿದಿದ್ದ ಅಯ್ಯನವರೂ, ಬೇವಿನ ಮರದ ಕೆಳಗೆ ಮೀನಾಕ್ಷಮ್ಮನ ಪಕ್ಕಕ್ಕೆ ಸರಿದರು. ನಾಗಭೂಷಣ ಕಾರಿನ ಬಾಗಿಲು ತೆರೆದುಕೊಂಡು, "ನಾನು ರೆಸ್ಪಾನ್ಸಿಬಲ್ ಅಲ್ಲ, ಎಲ್ರೂ ಸಾಕ್ಷಿ," ಎಂದ. ಪೆಟ್ಟಿಗೆಯನ್ನು ನೆಲಕ್ಕೆ ಸರಿಸಲು ನಿಂಗರಾಜ, ದಾಸಪ್ಪ, ಯಲ್ಲಯ್ಯ ಉಳಿದರು.

ಮರದ ಮುಚ್ಚಳದ ಸ್ಕ್ರೂಗಳು ಒಂದೊಂದಾಗಿ ಬಂದವು. ಒಳಗೆ ಬೆಸುಗೆ ಹಾಕಿದ ತಗಡು. ನಿಂಗರಾಜ ಉಳಿಯಿಂದ ತೂತು ಮಾಡಿ ಕತ್ತರಿ ತೂರಿಸಿದ. ತಗಡು ಕತ್ತರಿಸುವ ಸದ್ದಿಗೆ ಕೆಂಚವ್ವ ಕಿವಿ ಮುಚ್ಚಿಕೊಳ್ಳಲಿಲ್ಲ; ಎದ್ದು ಬಂದು ಮಗನ ತಲೆ ಇರಬೇಕಾದ ಕಡೆ ಕೂತಳು.

ತಗಡು ಮಡಿಸಿದಾಗ ಮೊದಲು ಬಂದದ್ದು ಲ್ಯಾಬಿನ ವಾಸನೆ. ಅದರ ಘಾಟಿಗೆ ಮಧುಮತಿಯ ಕಣ್ಣಿಂದ ನೀರು ಸುರಿಯಿತು. ಮರದ ಕೆಳಗಿದ್ದವರು, ಸದ್ಯ ಅತ್ತಳು, ಎಂದು ಮಾತಾಡಿಕೊಂಡರು.

ಸಂಗಮೇಶನಿಗೆ ಯಾರದೋ ಕಪ್ಪು ಕೋಟು ತೊಡಿಸಿದ್ದರು. ಮುಖಕ್ಕೆ ಗುಲಾಬಿ ಬಣ್ಣದ ಪೌಡರು. ಬೈತಲೆ ಬಲಕ್ಕಿತ್ತು, ಅವನು ಎಡಕ್ಕೆ ತೆಗೆಯುತ್ತಿದ್ದ. ಕೋಟಿನ ತೋಳಿನಲ್ಲಿ ಸುಕ್ಕು ಕಂಡು ದಾಸಪ್ಪ ಅಂಗೈಯಿಂದ ಅದನ್ನು ಒತ್ತಿ ಒತ್ತಿ ಸರಿಮಾಡಿದ.

ನಿಂಗರಾಜ ಅಣ್ಣನ ಹೆಗಲಿನ ಕೆಳಗೆ ಕೈ ಹಾಕಿ ಎತ್ತಲು ನೋಡಿದ. ಮೈ ಹಲಗೆಯ ಹಾಗೆ ಒಂದೇ ಸಲಕ್ಕೆ ಎದ್ದಿತು. ಸೊಂಟ ಬಾಗಲಿಲ್ಲ.

"ಕೂರಲ್ಲ ತಾಯಿ," ಎಂದ ಯಲ್ಲಯ್ಯ ಮೆತ್ತಗೆ. "ಬಗ್ಗಿಸಕ್ಕೆ ಹೋದ್ರೆ ಮುರಿಯುತ್ತೆ."

ಮಧುಮತಿ ಅತ್ತೆಯ ಕಡೆ ನೋಡಿದಳು. ಇಷ್ಟೆಲ್ಲ ಮಾಡಿಯೂ ಕೂರಿಸಲಾಗಲಿಲ್ಲ. ಕೆಂಚವ್ವ ಮಗನ ಮೊಣಕಾಲು ಮುಟ್ಟಿ ನೋಡಿ, ಕೈ ತೆಗೆದಳು.

"ಮಲಗಲಿ ಬಿಡಪಾ. ದಿನಾ ಹನ್ನೆರಡು ತಾಸು ನಿಂತು ದುಡದಾಂವ. ನೀ ಉದ್ದಕ್ಕ ತಗೀ. ಲಿಂಗ ಅಷ್ಟು ಕೈಯಾಗ ಕೊಡ್ತೀನಿ."

ಯಲ್ಲಯ್ಯ ಗುಣಿಗಿಳಿದ. ಗುದ್ದಲಿಯ ಸದ್ದು ಶುರುವಾಯಿತು.

ಎರಡೂ ಕೈಗೆ ಬಿಳಿಯ ಕೈಗವಸು ಹಾಕಿದ್ದರು. ಬಟ್ಟೆಯ ಮೇಲೆ ಲಿಂಗವಿಡುವ ಹಾಗಿಲ್ಲ. ಮಧುಮತಿ ಎಡಗೈಯ ಗವಸನ್ನು ಎಳೆದು ತೆಗೆದಳು. ಕೆಂಚವ್ವ ಗಂಟು ಬಿಚ್ಚಿ, ಲಿಂಗಕ್ಕೆ ವಿಭೂತಿ ಹಚ್ಚಿ, ಮಗನ ಅಂಗೈಯಲ್ಲಿಟ್ಟಳು. ಬೆರಳು ಮಡಚುವುದಿಲ್ಲವೆಂದು ತನ್ನ ಸೆರಗಿನ ಅಂಚನ್ನೇ ಹರಿದು ಕಟ್ಟಿದಳು. ಕಟ್ಟಿ ಮುಗಿದ ಮೇಲೆ, "ಅದೂ ತಗಿ," ಎಂದು ಬಲಗೈ ತೋರಿಸಿದಳು. "ಮಂದಿ ಅರಿವಿ ಒಂದರ ಬ್ಯಾಡ."

ಆ ಗವಸು ಸುಲಭವಾಗಿ ಬರಲಿಲ್ಲ. ಒಳಗೆ ಎಲ್ಲೋ ಕಚ್ಚಿಕೊಂಡಿತ್ತು. ಮಧುಮತಿ ಬೆರಳುಬೆರಳಾಗಿ ಬಿಡಿಸಿದಳು.

ನಾಲ್ಕೂ ಬೆರಳಿನ ಗೆಣ್ಣುಗಳು ಒಡೆದಿದ್ದವು. ಚರ್ಮ ಸುಲಿದು, ಸುತ್ತ ಕಪ್ಪಗೆ ಒಣಗಿತ್ತು. ಒಂದು ಗೆಣ್ಣಿನಲ್ಲಿ ಬಾಗಿಲಿಗೆ ಬಳಿಯುವ ಬಿಳಿ ಬಣ್ಣದ ಚೂರು ಹೂತುಕೊಂಡಿತ್ತು.

ಸಂಗಮೇಶ ಸುಮ್ಮನೆ ಮಲಗಿರಲಿಲ್ಲ.

"ನಾಗಭೂಷಣ್ ಅವರೇ," ಎಂದು ಅವಳು ಕೂಗಿದಳು. ಗುದ್ದಲಿಯ ಸದ್ದು ನಿಂತಿತು. "ಬರ್ರಿ ಇಲ್ಲಿ. ನಿದ್ದಿಯೊಳಗ ಶಾಂತವಾಗಿ ಸತ್ತವರ ಕೈ ಹೆಂಗಿರತದ ನೋಡಬರ್ರಿ. ಫೋನಿನ್ಯಾಗ ಫೋಟೋ ತಕ್ಕೊಂಡು ನಿಮ್ಮ ಮ್ಯಾಲಿನವರಿಗೆ ಕಳಸ್ರಿ. ಬರ್ರೀ!"

ಕಾರಿನ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು. ಭೀಮಪ್ಪ ಮಾತ್ರ ಮರದ ನೆರಳು ಬಿಟ್ಟು ನಾಲ್ಕು ಹೆಜ್ಜೆ ಬಂದು, ಅಲ್ಲಿಂದಲೇ ಕತ್ತು ಚಾಚಿ ನೋಡಿ, ನಿಂತಲ್ಲೇ ನಿಂತ.

ಕೆಂಚವ್ವ ಯಾರನ್ನೂ ನೋಡಲಿಲ್ಲ. ಪೆಟ್ಟಿಗೆಯ ಅಂಚಿಗೆ ಎದೆಯೂರಿ ಬಗ್ಗಿ, ಆ ಕೈಯ ತೀರ ಹತ್ತಿರಕ್ಕೆ ಬಾಯಿ ಒಯ್ದು, ಬಿದ್ದು ಬಂದ ಕೂಸಿನ ಮೊಣಕಾಲಿಗೆ ಊದುವ ಹಾಗೆ, ಒಂದೊಂದೇ ಗೆಣ್ಣಿಗೆ ಮೆಲ್ಲಗೆ ಊದತೊಡಗಿದಳು.